ರಾಧಾನಗರಿಯ ಕೆರೆ ಮತ್ತು ಶಾಹು ಮಹಾರಾಜರ ಕಾಡು

ನಮ್ಮ ಸರಕಾರಿ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಂಪಾದಕ ಮಂಡಳಿಯ ಹಿರಿಯರು ಕೇಳಿದರು. ನಮಗೆ ಅಕ್ಷರ ಕಲಿಸಿದ ಗುರುಗಳ ಬಗ್ಗೆ ನನಗಿಂತ ಚೆನ್ನಾಗಿ ಬರೆಯಬಲ್ಲ ಅಣ್ಣಂದಿರು, ಅಕ್ಕಂದಿರು ಈ ಸಂಚಿಕೆಯಲ್ಲಿ ಇದ್ದೇ ಇದ್ದಾರೆ. ಅದಕ್ಕೆ ನಾನು ನಮ್ಮ ಶಾಲೆ ಹುಟ್ಟುವ ಅರ್ಧ ಶತಮಾನ ಮೊದಲೇ ತೀರಿಕೊಂಡ ಒಬ್ಬರ ಜೀವನವನ್ನು ಆರಿಸಿಕೊಂಡಿದ್ದೇನೆ. ಅವರು ಕೊಲ್ಹಾಪುರದ ಛತ್ರಪತಿ ಶಾಹು ಮಹಾರಾಜರು. ಹಿಂದುಳಿದವರಿಗೆ ಮೀಸಲಾತಿ ಕೊಟ್ಟ ರಾಜರೆಂದು ಅವರನ್ನು ನಾಡೆಲ್ಲ ಬಲ್ಲದು. ನಾನು ಹೇಳಹೊರಟಿರುವುದು ಅವರ ಬದುಕಿನ ಇನ್ನೊಂದು ಭಾಗ. ಅವರು ಕಟ್ಟಿಸಲು ತೊಡಗಿದ ಒಂದು ಕೆರೆ, ಆ ಕೆರೆಯ ತಲೆಯ ಮೇಲಿರುವ ಒಂದು ಕಾಡು, ಆ ಕಾಡಿನ ನೆತ್ತಿಯಲ್ಲಿ ಮಳೆಗಾಲದಲ್ಲಿ ಮಾತ್ರ ಕಾಣುವ ಅಪರೂಪದ ಗಿಡಗಳು. ಇವು ಮೂರೂ ನಮ್ಮ ಹೊಳೆಯ ಮೂಲದಲ್ಲಿವೆ.

ಪ್ರತಿ ವರ್ಷ ಜುಲೈ, ಆಗಸ್ಟ್ ಬಂದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಹೊಳೆಸಾಲಿನ ಊರುಗಳಲ್ಲಿ ಒಂದೇ ಮಾತು. ಕೊಯ್ನಾ ಎಷ್ಟು ತುಂಬಿತು, ರಾಧಾನಗರಿಯ ಗೇಟು ಎಷ್ಟು ತೆರೆದವು ಎಂದು ಕಟ್ಟೆಯ ಮೇಲೆ ಕೂತವರೂ ಕೇಳುತ್ತಾರೆ, ಬೆಂಗಳೂರಿನಲ್ಲಿ ಕಂಪ್ಯೂಟರಿನ ಮುಂದೆ ಕೂತ ನನ್ನಂಥವರೂ ಕೇಳುತ್ತಾರೆ. ೨೦೦೫ರ ಮಹಾಪೂರವನ್ನೂ ೨೦೧೯ರ ಮಹಾಪೂರವನ್ನೂ ಕಂಡವರು ನಾವು. ಏಪ್ರಿಲ್, ಮೇ ಬಂದರೆ ಅದೇ ಹೊಳೆ ಮಡುಗಳಾಗಿ ಒಡೆದು, ಮೇಲಿನ ಆಣೆಕಟ್ಟುಗಳಿಂದ ನೀರು ಬಿಡಿಸಿ ಎಂದು ಮನವಿ ಕೊಡುವವರೂ ನಾವೇ. ರಾಧಾನಗರಿ ಎಂಬ ಹೆಸರು ನಮ್ಮ ಬಾಯಲ್ಲಿ ಇಷ್ಟು ಓಡಾಡುತ್ತದೆ. ಆದರೆ ಆ ರಾಧಾ ಯಾರು, ಆ ಊರು ಹೇಗೆ ಹುಟ್ಟಿತು ಎಂದು ಕೇಳಿದರೆ ಹೇಳುವವರು ಕಡಿಮೆ.

ಶಾಹು ಮಹಾರಾಜರು ಹುಟ್ಟಿದ್ದು ೧೮೭೪ರ ಜೂನ್ ೨೬ರಂದು. ನಿಪ್ಪಾಣಿ ದಾಟಿ ಕೊಲ್ಹಾಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಕಾಗಲ ಅವರ ಮನೆತನದ ಊರು. ಹುಟ್ಟುಹೆಸರು ಯಶವಂತರಾವ್. ತಂದೆ ಕಾಗಲ ಜಹಗೀರಿನ ಜಯಸಿಂಗರಾವ್ ಘಾಟಗೆ. ತಾಯಿ ರಾಧಾಬಾಯಿ ನಮ್ಮ ಮುಧೋಳದ ರಾಜಮನೆತನದ ಮಗಳು. ಹುಡುಗನಿಗೆ ಮೂರು ವರ್ಷ ತುಂಬುವ ಮೊದಲೇ ತಾಯಿ ತೀರಿಕೊಂಡರು. ೧೮೮೪ರ ಮಾರ್ಚ್ ೧೭ರಂದು, ಇನ್ನೂ ಹತ್ತು ವರ್ಷ ಆಗಿರಲಿಲ್ಲ, ಕೊಲ್ಹಾಪುರದ ರಾಣಿ ಆನಂದಿಬಾಯಿಯವರು ಆತನನ್ನು ದತ್ತು ತೆಗೆದುಕೊಂಡರು. ಅಂದಿನಿಂದ ಯಶವಂತರಾವ್ ಶಾಹು ಛತ್ರಪತಿಯಾದರು. ಎರಡು ವರ್ಷದಲ್ಲಿ ಹೆತ್ತ ತಂದೆಯೂ ಹೋದರು.

ಮೊದಲು ರಾಜಕೋಟೆಯ ರಾಜಕುಮಾರ ಕಾಲೇಜಿನಲ್ಲಿ ಓದಿದ ಅವರ ಮುಂದಿನ ಶಿಕ್ಷಣ ನಡೆದದ್ದು ನಮ್ಮ ಧಾರವಾಡದಲ್ಲಿ. ೧೮೯೦ರಿಂದ ೧೮೯೪ರವರೆಗೆ ಅಲ್ಲಿದ್ದು ಅವರು ಸ್ಟುವರ್ಟ್ ಫ್ರೇಜರ್ ಎಂಬ ಆಂಗ್ಲ ಗುರುಗಳ ಕೈಯಲ್ಲಿ ಇತಿಹಾಸ, ಕಾಯ್ದೆ, ಆಡಳಿತದ ಪಾಠ ಕಲಿತರು. ಅದೇ ಫ್ರೇಜರ್ ಸಾಹೇಬರು ಮುಂದೆ ಮೈಸೂರಿಗೆ ಹೋಗಿ ನಾಲ್ವಡಿ ಕೃಷ್ಣರಾಜ ಒಡೆಯರಿಗೂ ಗುರುಗಳಾದರು. ಒಬ್ಬ ಶಿಷ್ಯ ಭೋಗಾವತಿಗೆ ಒಡ್ಡು ಹಾಕಲು ಹೊರಟರು, ಇನ್ನೊಬ್ಬ ಶಿಷ್ಯ ೧೯೧೧ರಲ್ಲಿ ಕಾವೇರಿಗೆ ಒಡ್ಡು ಹಾಕಿಸತೊಡಗಿದರು. ದಕ್ಷಿಣದ ಎರಡು ದೊಡ್ಡ ಜಲಾಶಯಗಳ ಹಿಂದಿನ ಇಬ್ಬರು ರಾಜರು ಒಬ್ಬರೇ ಮಾಸ್ತರರ ವಿದ್ಯಾರ್ಥಿಗಳಾಗಿದ್ದರು ಎಂಬುದನ್ನು ಶಾಲೆಯ ಸಂಚಿಕೆಯಲ್ಲಿ ನೆನೆಯುವುದು ಯೋಗ್ಯವೆಂದು ನನಗನಿಸಿತು.

೧೮೯೪ರ ಏಪ್ರಿಲ್ ೨ರಂದು ಶಾಹು ಮಹಾರಾಜರು ರಾಜ್ಯದ ಅಧಿಕಾರ ವಹಿಸಿಕೊಂಡರು. ವಯಸ್ಸು ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಆಗಿನ ಕೊಲ್ಹಾಪುರ ಸಂಸ್ಥಾನದ ನಕಾಶೆ ನೋಡಿದರೆ ನಮಗೆ ಸಂಬಂಧಿಸಿದ ಒಂದು ಸಂಗತಿ ಕಾಣುತ್ತದೆ. ಪಶ್ಚಿಮದಲ್ಲಿ ಸಹ್ಯಾದ್ರಿಯ ನೆತ್ತಿಯಿಂದ ಶುರುವಾಗುವ ಆ ಸಂಸ್ಥಾನಕ್ಕೆ ಪೂರ್ವದ ಬಯಲಿನಲ್ಲಿ ನಮ್ಮ ರಾಯಬಾಗವೂ ಸೇರಿತ್ತು. ಸುತ್ತಲಿನ ಚಿಕ್ಕೋಡಿ, ಅಥಣಿ ತಾಲ್ಲೂಕುಗಳು ಬ್ರಿಟಿಷರ ಬೆಳಗಾವಿ ಜಿಲ್ಲೆಯಲ್ಲಿದ್ದಾಗ ರಾಯಬಾಗ ಮಹಲು ಕೊಲ್ಹಾಪುರ ದರಬಾರಿಗೆ ಕಂದಾಯ ಕಟ್ಟುತ್ತಿತ್ತು. ೧೯೪೯ರಲ್ಲಿ ಸಂಸ್ಥಾನ ಮುಂಬೈ ಪ್ರಾಂತದಲ್ಲಿ ವಿಲೀನವಾದ ಮೇಲೆ ರಾಯಬಾಗ ಬೆಳಗಾವಿ ಜಿಲ್ಲೆಗೆ ಬಂತು, ೧೯೫೬ರಲ್ಲಿ ಜಿಲ್ಲೆಯ ಜೊತೆ ಮೈಸೂರು ರಾಜ್ಯಕ್ಕೆ ಬಂತು. ಹಾಗಾಗಿ ಶಾಹು ಮಹಾರಾಜರು ನಮ್ಮ ಮುತ್ತಜ್ಜಂದಿರ ಮಹಾರಾಜರೂ ಹೌದು.

ಈ ಸಂಸ್ಥಾನದ ಮಳೆ ಬಹಳ ವಿಚಿತ್ರವಾದದ್ದು. ಘಟ್ಟದ ನೆತ್ತಿಯ ದಾಜೀಪುರ, ಗಗನಬಾವಡಾ ಕಡೆ ವರ್ಷಕ್ಕೆ ೩,೦೦೦ ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ. ಅಲ್ಲಿಂದ ಪೂರ್ವಕ್ಕೆ ನೂರು ಕಿಲೋಮೀಟರ್ ಬರುವಷ್ಟರಲ್ಲಿ ಅದರ ಐದರಲ್ಲಿ ಒಂದು ಪಾಲೂ ಉಳಿಯುವುದು ಕಷ್ಟ. ನಮ್ಮ ಕಡೆಯ ಎರೆಹೊಲದ ಬಿಳಿಜೋಳ ಹಿಂಗಾರಿ ಮಳೆಗೆ ಬಾಯಿ ಬಿಟ್ಟು ಕಾಯುವುದು ಇದಕ್ಕೇ. ನಾಲ್ಕು ತಿಂಗಳು ಘಟ್ಟದಿಂದ ಧಾವಿಸಿ ಬರುವ ನೀರು ಉಳಿದ ಎಂಟು ತಿಂಗಳಿಗೆ ಇರುವುದಿಲ್ಲ.

ಪಟ್ಟಕ್ಕೆ ಬಂದ ಎರಡೇ ವರ್ಷದಲ್ಲಿ ಆ ಎಳೆಯ ರಾಜರು ಇದರ ಪೆಟ್ಟು ಕಣ್ಣಾರೆ ಕಂಡರು. ೧೮೯೬-೯೭ರಲ್ಲಿ ಬರಗಾಲ ಬಿತ್ತು. ಬೆನ್ನಿಗೇ ಪ್ಲೇಗು. ಅದು ಮುಗಿಯುವ ಮೊದಲೇ ೧೮೯೯-೧೯೦೦ರ ಇನ್ನೊಂದು ಬರ. ಮಹಾರಾಜರು ಹಳ್ಳಿಹಳ್ಳಿ ತಿರುಗಿದರು. ಕಡಿಮೆ ಬೆಲೆಯ ಧಾನ್ಯದ ಅಂಗಡಿ ತೆರೆಸಿದರು, ದನಕರುಗಳಿಗೆ ಮೇವಿನ ವ್ಯವಸ್ಥೆ ಮಾಡಿಸಿದರು, ರಸ್ತೆ, ಕೆರೆ, ಬಾವಿಗಳ ಕೆಲಸ ಹಚ್ಚಿ ಜನರಿಗೆ ಕೂಲಿ ಕೊಡಿಸಿದರು. ಬರ ಬಂದ ಮೇಲೆ ಗಂಜಿ ಕೊಡುವುದು ಒಂದು ಕೆಲಸ, ಬರ ಬಾರದಂತೆ ನೀರು ಹಿಡಿದಿಡುವುದು ಇನ್ನೊಂದು ಕೆಲಸ. ಎರಡನೆಯದಕ್ಕೆ ಅವರು ಮುಂದಿನ ಇಪ್ಪತ್ತು ವರ್ಷ ಕೊಟ್ಟರು.

೧೯೦೨ನೆಯ ಇಸವಿ ಅವರ ಬದುಕಿನಲ್ಲಿ ದೊಡ್ಡದು. ಆ ವರ್ಷ ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆ ಇಂಗ್ಲೆಂಡಿಗೆ ಹೋದರು. ಕೇಂಬ್ರಿಜ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಅದೇ ವರ್ಷದ ಜುಲೈ ೨೬ರಂದು ಸಂಸ್ಥಾನದ ನೌಕರಿಗಳಲ್ಲಿ ನೂರಕ್ಕೆ ೫೦ ಜಾಗವನ್ನು ಹಿಂದುಳಿದ ಜನಾಂಗಗಳಿಗೆ ಮೀಸಲಿಡುವ ಆಜ್ಞೆ ಹೊರಟಿತು. ಅದೇ ವರ್ಷವೇ ಅವರು ನೀರಾವರಿಗೆ ಒಂದು ಧೋರಣೆಯನ್ನೂ ಗೊತ್ತುಮಾಡಿ, ಸಂಸ್ಥಾನದ ಬಾವಿ, ಕೆರೆಗಳ ಲೆಕ್ಕ ತೆಗೆಸಿ ದುರಸ್ತಿಗೆ ಹಚ್ಚಿದರು. ಎರಡೂ ಆಜ್ಞೆಗಳನ್ನು ನಾನು ಒಂದೇ ಆಜ್ಞೆಯ ಎರಡು ಪುಟಗಳೆಂದು ಓದುತ್ತೇನೆ. ಒಂದು ಕಡೆ ನೌಕರಿ ಕೆಲವೇ ಮನೆಗಳಲ್ಲಿ ನಿಂತಿತ್ತು, ಇನ್ನೊಂದು ಕಡೆ ನೀರು ಕೆಲವೇ ತಿಂಗಳಲ್ಲಿ ಹರಿದು ಮುಗಿಯುತ್ತಿತ್ತು. ಎರಡನ್ನೂ ಎಲ್ಲರಿಗೆ ಮುಟ್ಟಿಸಬೇಕಿತ್ತು.

ಸಹ್ಯಾದ್ರಿಯಲ್ಲಿ ಹುಟ್ಟುವ ಭೋಗಾವತಿ ನದಿಗೆ ಫೇಜಿವಡೆಯ ಹತ್ತಿರ ದೊಡ್ಡ ಆಣೆಕಟ್ಟು ಕಟ್ಟುವ ಯೋಜನೆ ೧೯೦೭ರ ಸುಮಾರಿಗೆ ರೂಪುಗೊಂಡಿತು. ೧೯೦೮ರಲ್ಲಿ ಮಹಾರಾಜರ ಮಗಳು ರಾಧಾಬಾಯಿಯವರ ಮದುವೆ ದೇವಾಸದ ರಾಜರೊಂದಿಗೆ ಆಯಿತು. ಆಣೆಕಟ್ಟಿನ ಬುಡದಲ್ಲಿ ನೆಲೆಗೊಳಿಸಿದ ಊರಿಗೆ ಮಗಳ ಹೆಸರಿಟ್ಟು ರಾಧಾನಗರಿ ಎಂದರು. ಮಹಾರಾಜರ ತಾಯಿಯ ಹೆಸರೂ ರಾಧಾಬಾಯಿಯೇ ಆಗಿದ್ದರಿಂದ ಆ ಊರಿನ ಹೆಸರಿನಲ್ಲಿ ನಮ್ಮ ಮುಧೋಳದ ಮಗಳೂ ಇದ್ದಾಳೆಂದು ನಾವು ಅಭಿಮಾನ ಪಟ್ಟರೆ ತಪ್ಪಿಲ್ಲ. ಕೆರೆಗೆ ಮಹಾರಾಣಿಯವರ ಹೆಸರಿನಿಂದ ಲಕ್ಷ್ಮೀ ತಲಾವ ಎಂದು ಕರೆದರು.

ಅಷ್ಟು ದೊಡ್ಡ ಕೆಲಸಕ್ಕೆ ಒಂದು ಸಣ್ಣ ಸಂಸ್ಥಾನದ ಬೊಕ್ಕಸ ಸಾಲಲಿಲ್ಲ. ೧೯೧೮ರ ಹೊತ್ತಿಗೆ ಗೋಡೆ ಸುಮಾರು ೪೦ ಅಡಿ ಎದ್ದು ಕೆಲಸ ನಿಂತಿತು. ಮೊದಲ ಮಹಾಯುದ್ಧದ ಕಾಲವದು. ಅಷ್ಟೆತ್ತರದ ಗೋಡೆ ಹಿಡಿದ ನೀರೇ ಕೆಳಗಿನ ಹೊಲಗಳಿಗೆ ಆಸರೆಯಾಯಿತು. ಉಳಿದ ಕೆಲಸ ಅವರ ಮಗ ರಾಜಾರಾಮ ಮಹಾರಾಜರ ಕಾಲದಲ್ಲಿ ಮತ್ತೆ ಶುರುವಾಗಿ, ಸ್ವಾತಂತ್ರ್ಯ ಬಂದು, ಸಂಸ್ಥಾನವೇ ಕರಗಿಹೋದ ಮೇಲೆ ೧೯೫೦ರ ದಶಕದಲ್ಲಿ ಮುಗಿಯಿತು. ಇವತ್ತು ಆ ಕೆರೆ ೮.೩೬ ಟಿಎಂಸಿ ನೀರು ಹಿಡಿಯುತ್ತದೆ. ಅದರ ಏಳು ಸ್ವಯಂಚಾಲಿತ ಗೇಟುಗಳ ಬಗ್ಗೆ ನಾವು ಪ್ರತಿ ಮಳೆಗಾಲದಲ್ಲಿ ಕೇಳುತ್ತೇವಲ್ಲ, ಅವು ನೀರು ಗೊತ್ತಾದ ಮಟ್ಟ ಮುಟ್ಟಿದೊಡನೆ ನೀರಿನ ಒತ್ತಡಕ್ಕೇ ತೆರೆದುಕೊಳ್ಳುತ್ತವೆ, ಮಟ್ಟ ಇಳಿದೊಡನೆ ಮುಚ್ಚಿಕೊಳ್ಳುತ್ತವೆ. ದಿನವಿಡೀ ಪ್ರೋಗ್ರಾಂ ಬರೆಯುವ ನನಗೆ ಈ ಗೇಟುಗಳ ಮೇಲೆ ಸ್ವಲ್ಪ ಹೊಟ್ಟೆಕಿಚ್ಚು. ಒಂದು ಸಾಲು ಕೋಡ್ ಇಲ್ಲದೆ ಅವು ಇಷ್ಟು ವರ್ಷ ದುಡಿದಿವೆ.

ಭೋಗಾವತಿ ಮುಂದೆ ಕಾಸಾರಿ, ಕುಂಭಿ, ತುಳಸಿ ಹೊಳೆಗಳೊಂದಿಗೆ ಕೂಡಿ ಪಂಚಗಂಗೆಯಾಗುತ್ತದೆ. ಪಂಚಗಂಗೆ ನಮ್ಮ ಕಡೆಯವರು ಹುಣ್ಣಿಮೆಗೆ ಹೋಗುವ ನರಸೋಬನ ವಾಡಿಯಲ್ಲಿ ಕೃಷ್ಣೆಯನ್ನು ಸೇರುತ್ತದೆ. ಅಲ್ಲಿಂದ ಆ ನೀರು ನಮ್ಮ ಜುಗೂಳ, ಯಡೂರ, ಮಾಂಜರಿ, ಅಂಕಲಿ, ಕುಡಚಿಗಳನ್ನು ಮುಟ್ಟಿಕೊಂಡು ಹೋಗುತ್ತದೆ. ಅದೇ ಘಟ್ಟದಿಂದ ದೂಧಗಂಗೆಯೂ ಇಳಿದು ಬರುತ್ತದೆ. ಭೋಜ ಗ್ರಾಮದಲ್ಲಿ ವೇದಗಂಗೆ ಅದನ್ನು ಕೂಡುತ್ತದೆ. ದೂಧಗಂಗೆಗೆ ಕಾಳಮ್ಮವಾಡಿಯಲ್ಲಿ ಎರಡು ರಾಜ್ಯಗಳ ಕೂಡು ಯೋಜನೆಯ ಜಲಾಶಯವಿದೆ. ಅದರಲ್ಲಿ ಕರ್ನಾಟಕದ ಪಾಲು ೪ ಟಿಎಂಸಿ. ಹೀಗೆ ನೋಡಿದರೆ ನಮ್ಮ ಐದೂ ತಾಲ್ಲೂಕುಗಳ ಕಬ್ಬಿನ ಹಸಿರಿನಲ್ಲಿ, ನಲ್ಲಿಯ ನೀರಿನಲ್ಲಿ ಆ ಘಟ್ಟದ ಪಾಲು ಇದೆ.

ಈಗ ಕೆರೆಯ ಮೇಲಿನ ಕಾಡಿಗೆ ಬರೋಣ. ಶಾಹು ಮಹಾರಾಜರು ದೊಡ್ಡ ಬೇಟೆಗಾರರಾಗಿದ್ದರು. ಇದನ್ನು ಮುಚ್ಚಿಟ್ಟು ಅವರ ಜೀವನ ಬರೆಯುವುದು ಸರಿಯಲ್ಲ. ಪಳಗಿಸಿದ ಚಿರತೆಗಳನ್ನು, ಅಂದರೆ ಚೀತಾಗಳನ್ನು, ಜಿಂಕೆಗಳ ಮೇಲೆ ಬಿಟ್ಟು ಆಡುವ ಕೊಲ್ಹಾಪುರದ ಬೇಟೆ ಆ ಕಾಲದಲ್ಲಿ ದೇಶದಲ್ಲೆಲ್ಲ ಹೆಸರಾಗಿತ್ತು. ಆನೆ, ಕುದುರೆ, ಕುಸ್ತಿ ಎಂದರೆ ಅವರಿಗೆ ಪ್ರಾಣ. ನಮ್ಮ ಊರುಗಳ ಪೈಲವಾನರು ಒಮ್ಮೆಯಾದರೂ ಇಳಿಯಬೇಕೆಂದು ಆಸೆಪಡುವ ಖಾಸಬಾಗ ಮೈದಾನ ಅವರ ಕಾಲದ್ದು. ದಾಜೀಪುರದ ಕಾಡು ಅರಸು ಮನೆತನದ ಬೇಟೆಯ ಕಾಡಾಗಿತ್ತು. ಅರಸರ ಬೇಟೆಗೆಂದು ಕಾದಿಟ್ಟದ್ದರಿಂದ ಅಲ್ಲಿ ಕಂಡಕಂಡವರ ಕೊಡಲಿ ಬೀಳಲಿಲ್ಲ. ರೈಲುಹಳಿಯ ಪಟ್ಟಿಗಳಿಗೆ, ಇದ್ದಿಲಿಗೆ ಸಹ್ಯಾದ್ರಿಯ ಎಷ್ಟೋ ಕಾಡುಗಳು ಬಲಿಯಾದ ಆ ಕಾಲದಲ್ಲಿ ಕೆರೆಯ ನೆತ್ತಿಯ ಕಾಡು ಉಳಿಯಿತು.

ಅವರು ಅಪರೂಪದ ಹೂವುಗಳನ್ನು ಉಳಿಸಲು ಕಾಡು ಕಾದರು ಎಂದು ನಾನು ಹೇಳಲಾರೆ. ಗಿಡಗಳಲ್ಲಿ ಅವರಿಗಿದ್ದ ಆಸಕ್ತಿ ರೈತನ ಆಸಕ್ತಿ. ಪನ್ಹಾಳದ ಕಡೆಯ ಗುಡ್ಡಗಳಲ್ಲಿ ಚಹಾ, ಕಾಫಿ ಬೆಳೆದು ನೋಡಿದರು. ೧೮೯೫ರಲ್ಲಿ ಶಾಹುಪುರಿಯ ಪೇಟೆ ಕಟ್ಟಿಸಿ ಬೆಲ್ಲದ ವ್ಯಾಪಾರಕ್ಕೆ ನೆಲೆ ಮಾಡಿದರು. ಆದರೆ ಅವರು ಕಟ್ಟಿಸಿದ ಕೆರೆ, ಅವರ ಮನೆತನ ಕಾದ ಕಾಡು ಎರಡೂ ಒಂದರ ಮೇಲೊಂದು ಇದ್ದದ್ದರಿಂದ ಒಂದಕ್ಕೊಂದು ಕಾವಲಾದವು. ಕಾಡಿದ್ದುದರಿಂದ ಕೆರೆಗೆ ಹೂಳು ಕಡಿಮೆ ಬಂತು. ಕೆರೆಯ ನೀರು ಎಲ್ಲರಿಗೂ ಬೇಕಾದ್ದರಿಂದ ಕಾಡು ಮುಟ್ಟಲು ಜನ ಹಿಂದೆ ಮುಂದೆ ನೋಡಿದರು. ೧೯೫೮ರಲ್ಲಿ ಕಾಡುಕೋಣಗಳಿಗಾಗಿ ದಾಜೀಪುರ ಅಭಯಾರಣ್ಯವಾಯಿತು. ಮಹಾರಾಷ್ಟ್ರದ ಮೊದಲ ವನ್ಯಜೀವಿ ಅಭಯಾರಣ್ಯ ಅದೇ. ೧೯೮೫ರಲ್ಲಿ ರಾಧಾನಗರಿ, ಕಾಳಮ್ಮವಾಡಿ ಜಲಾಶಯಗಳ ಸುತ್ತಲಿನ ಕಾಡನ್ನೂ ಸೇರಿಸಿ ೩೫೧ ಚದರ ಕಿಲೋಮೀಟರಿಗೆ ಹಿಗ್ಗಿಸಿ ರಾಧಾನಗರಿ ಅಭಯಾರಣ್ಯವೆಂದು ಕರೆದರು. ೨೦೧೨ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟದ ೩೯ ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ನಮ್ಮ ಕುದುರೆಮುಖ, ಪುಷ್ಪಗಿರಿಗಳ ಜೊತೆ ರಾಧಾನಗರಿಯೂ ಇತ್ತು.

ನಮ್ಮ ಬ್ಯಾಚಿನ ನಾಲ್ವರು ಗೆಳೆಯರು ಕೆಲವು ವರ್ಷಗಳ ಹಿಂದೆ ಮಳೆಗಾಲ ಮುಗಿಯುವ ಹೊತ್ತಿಗೆ ಅತ್ತ ಹೋಗಿದ್ದೆವು. ಘಟ್ಟದ ನೆತ್ತಿಯಲ್ಲಿ ಜಂಬಿಟ್ಟಿಗೆ ಕಲ್ಲಿನ ಚಪ್ಪಟೆ ಬಯಲುಗಳಿವೆ. ಅಲ್ಲಿಯವರು ಅದಕ್ಕೆ ಸಡಾ ಎನ್ನುತ್ತಾರೆ. ಬೇಸಿಗೆಯಲ್ಲಿ ನೋಡಿದರೆ ಸುಟ್ಟ ಇಟ್ಟಿಗೆಯ ಬಯಲು, ಒಂದು ಮರವಿಲ್ಲ. ಸರಕಾರಿ ಕಾಗದದಲ್ಲಿ ಪಡ ಜಮೀನು ಎಂದು ಬರೆಯಲು ಹೇಳಿ ಮಾಡಿಸಿದಂತಿರುತ್ತದೆ. ಮಳೆ ಬಿದ್ದ ಮೇಲೆ ಅದೇ ಬಂಡೆ ಒಂದು ತೋಟ. ಕಲ್ಲಿನ ಮೇಲೆ ನಾಲ್ಕು ಬೆರಳು ಮಣ್ಣೂ ಇಲ್ಲದ ಜಾಗದಲ್ಲಿ ನೂರಾರು ಬಗೆಯ ಪುಟ್ಟ ಗಿಡ ಎದ್ದು, ಹೂಬಿಟ್ಟು, ಬೀಜ ಉದುರಿಸಿ, ಮೂರು ನಾಲ್ಕು ತಿಂಗಳಲ್ಲಿ ಸಂಸಾರ ಮುಗಿಸುತ್ತವೆ.

ನಮ್ಮ ಜೊತೆ ಬಂದಿದ್ದ ಅಲ್ಲಿಯ ಒಬ್ಬ ಹಿರಿಯರು ಬೆರಳು ಮಾಡಿ ಒಂದೊಂದನ್ನೇ ತೋರಿಸಿದರು. ನೀಲಿ ಹೂವಿನ ಒಂದು ಗಿಡಕ್ಕೆ ಸೀತೆಯ ಕಣ್ಣೀರು ಎಂಬ ಅರ್ಥದ ಹೆಸರು. ನೋಡಲು ಅಷ್ಟು ಮೃದುವಾದ ಆ ಗಿಡ ಸಣ್ಣ ಚೀಲಗಳಲ್ಲಿ ನೀರಹುಳಗಳನ್ನು ಹಿಡಿದು ತಿನ್ನುತ್ತದೆ. ಇನ್ನೊಂದು ಗಿಡದ ಎಲೆಯ ಕೂದಲುಗಳ ತುದಿಯಲ್ಲಿ ಇಬ್ಬನಿಯಂಥ ಅಂಟು. ಕೂತ ನೊಣ ಏಳುವುದಿಲ್ಲ. ಕಲ್ಲಿನ ಮೇಲಿನ ಮಣ್ಣಿನಲ್ಲಿ ಸತ್ವ ಸಾಲದ್ದರಿಂದ ಅವು ಹುಳ ತಿಂದು ಬದುಕುವುದನ್ನು ಕಲಿತಿವೆ. ಕಂದೀಲಪುಷ್ಪ ಎಂಬ ಜಾತಿಯ ಹೂವು ಹೆಸರಿನಂತೆ ಸಣ್ಣ ಲಾಟೀನು. ಅದರಲ್ಲಿ ಹಲವು ಬಗೆಗಳು ಸಹ್ಯಾದ್ರಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಇಳಿಜಾರಿನಲ್ಲಿ ಏಳು ವರ್ಷಕ್ಕೊಮ್ಮೆ ಹೂಬಿಟ್ಟು ಒಟ್ಟಿಗೇ ಸಾಯುವ ಕಾರ್ವಿ. ಕಾಡಿನೊಳಗೆ ನರಕ್ಯಾ ಎಂಬ ಮರವಿದೆ. ಅದರಿಂದ ಕ್ಯಾನ್ಸರಿನ ಔಷಧಿಗೆ ಬೇಕಾದ ರಸಾಯನ ತೆಗೆಯುತ್ತಾರೆ. ಆ ಗುಣವೇ ಅದಕ್ಕೆ ಮುಳುವಾಗಿ, ಘಟ್ಟದಲ್ಲಿ ಕಳ್ಳತನದಿಂದ ಕಡಿದು ಸಾಗಿಸುವವರು ಹುಟ್ಟಿಕೊಂಡರು.

ಅದೇ ಹಿರಿಯರು ಬಂಡೆಯ ಮೇಲೆ ಒಂದು ಜೀಪಿನ ಗಾಲಿಯ ಗುರುತನ್ನೂ ತೋರಿಸಿದರು. ಹಿಂದಿನ ವರ್ಷದ ಮಳೆಯಲ್ಲಿ ಯಾರೋ ಗಾಡಿ ಹತ್ತಿಸಿದ್ದರಂತೆ. ಸುತ್ತಲೂ ಹೂವಿದ್ದರೂ ಆ ಎರಡು ಗೆರೆಗಳಲ್ಲಿ ಒಂದು ಹುಲ್ಲೂ ಇರಲಿಲ್ಲ. ನಾಲ್ಕು ಬೆರಳು ಮಣ್ಣು ಕೂಡಲು ಎಷ್ಟು ಕಾಲ ಬೇಕೋ, ಹೋಗಲು ಒಂದು ಗಾಲಿ ಸಾಕು.

ಈ ಸಡಾಗಳಿಗೂ ನಮ್ಮ ಹೊಳೆಗೂ ಏನು ಸಂಬಂಧ ಎಂದು ಊರಿನ ಹಿರಿಯರು ಕೇಳಬಹುದು. ಸಂಬಂಧ ಬಹಳ ನೇರವಾದದ್ದು. ಜಂಬಿಟ್ಟಿಗೆ ಕಲ್ಲು ಒಳಗೆಲ್ಲ ತೂತು. ಸ್ಪಂಜಿನಂತೆ ಮಳೆಯನ್ನು ಕುಡಿದು, ಕೆಳಗಿನ ಗಟ್ಟಿ ಕರಿಕಲ್ಲಿನ ಮೇಲೆ ನಿಧಾನವಾಗಿ ಹರಿಸಿ, ಗುಡ್ಡದ ಅಂಚಿನಲ್ಲಿ ಒರತೆಯಾಗಿ ಹೊರಗೆ ಬಿಡುತ್ತದೆ. ಮಳೆ ನಿಂತ ಎಷ್ಟೋ ತಿಂಗಳ ಮೇಲೂ ಘಟ್ಟದ ಹಳ್ಳಗಳು ಹರಿಯುವುದು ಹೀಗೆ. ಆದರೆ ಅದೇ ಕಲ್ಲಿನ ಹೊದಿಕೆಯಲ್ಲಿ ಅಲ್ಯೂಮಿನಿಯಂ ತೆಗೆಯುವ ಬಾಕ್ಸೈಟ್ ಅದಿರೂ ಇದೆ. ಕೊಲ್ಹಾಪುರ ಜಿಲ್ಲೆಯ ಘಟ್ಟದ ಹಲವು ಸಡಾಗಳಲ್ಲಿ ಗಣಿಗಾರಿಕೆ ನಡೆದಿದೆ. ಅದಿರು ಬೇಕೆಂದರೆ ನೀರು ಕುಡಿಯುವ ಆ ಹೊದಿಕೆಯನ್ನೇ ಕಿತ್ತು ತೆಗೆಯಬೇಕು. ಆಮೇಲೆ ಮಣ್ಣು ಮುಚ್ಚಿ ಸಸಿ ನೆಡಬಹುದು, ನೆಟ್ಟಿದ್ದೂ ಉಂಟು. ಆದರೆ ಕಂದೀಲಪುಷ್ಪವನ್ನು ನೆಡುವವರು ಯಾರು? ತೂತಿನ ಕಲ್ಲನ್ನು ಮತ್ತೆ ಮಾಡುವವರು ಯಾರು? ಮಳೆಯಲ್ಲಿ ಒಮ್ಮೆಲೇ ಇಳಿದು ಬರುವ ನೀರು ಕೆಂಪು ಹೂಳನ್ನು ಹೊತ್ತು ಕೆರೆಗೆ ಬರುತ್ತದೆ, ಹೂಳು ಕೂತಷ್ಟು ನೀರಿಗೆ ಜಾಗ ಕಡಿಮೆ. ಮಹಾಪೂರಕ್ಕೆ, ಬೇಸಿಗೆಯ ಬರಕ್ಕೆ ಬೇರೆ ಕಾರಣಗಳೂ ಇವೆ. ಆದರೆ ನೆತ್ತಿಯ ಸ್ಪಂಜು ಹೋದರೆ ಎರಡೂ ಇನ್ನಷ್ಟು ಕಠಿಣವಾಗುತ್ತವೆ.

ನಮ್ಮ ಕೆಲಸದಲ್ಲಿ ಒಂದು ಶಬ್ದವಿದೆ, ಅಪ್‌ಸ್ಟ್ರೀಮ್. ನಾವು ಬರೆದ ಪ್ರೋಗ್ರಾಂ ಬೇರೆ ಯಾವುದರ ಮೇಲೆ ನಿಂತಿದೆಯೋ ಅದು ನಮಗೆ ಅಪ್‌ಸ್ಟ್ರೀಮ್. ಶಬ್ದ ಬಂದದ್ದು ಹೊಳೆಯಿಂದಲೇ. ಕೆಳಗಿನವನು ಎಷ್ಟು ಚೆಂದ ಬರೆದರೂ ಮೇಲಿನದು ಕೆಟ್ಟರೆ ಇವನದೂ ನಿಲ್ಲುತ್ತದೆ. ಅದಕ್ಕೆ ಒಳ್ಳೆಯ ಎಂಜಿನಿಯರು ತನ್ನದಲ್ಲದ ಆ ಕೆಲಸದ ಮೇಲೂ ಕಣ್ಣಿಟ್ಟಿರುತ್ತಾನೆ. ನಮ್ಮ ಐದು ತಾಲ್ಲೂಕುಗಳಿಗೆ ರಾಧಾನಗರಿ ಅಂಥದ್ದು. ಅದು ಮಹಾರಾಷ್ಟ್ರದಲ್ಲಿದೆ, ನಮಗೇನು ಎಂದು ಕೂಡುವ ಹಾಗಿಲ್ಲ.

ಗಡಿಯ ಮಾತು ನಮ್ಮ ಕಡೆ ಆಗಾಗ ಬಿಸಿಯೇರುತ್ತದೆ. ಬಸ್ಸುಗಳು ನಿಲ್ಲುತ್ತವೆ, ಬೋರ್ಡುಗಳಿಗೆ ಮಸಿ ಬೀಳುತ್ತದೆ. ಶಾಹು ಮಹಾರಾಜರ ಬದುಕನ್ನು ಓದಿದರೆ ಆ ಬಿಸಿ ಸ್ವಲ್ಪ ಇಳಿಯುತ್ತದೆ. ತಾಯಿ ಮುಧೋಳದವರು, ಓದು ಧಾರವಾಡದ್ದು, ರಾಜ್ಯದಲ್ಲಿ ಮರಾಠಿಯವರೂ ಕನ್ನಡದವರೂ ಇದ್ದರು. ಕೊಲ್ಹಾಪುರದಲ್ಲಿ ಮರಾಠಾ, ಜೈನ, ಲಿಂಗಾಯತ, ಮುಸ್ಲಿಂ ಹುಡುಗರಿಗೆ ಅವರ ಪ್ರೋತ್ಸಾಹದಿಂದ ಬೋರ್ಡಿಂಗುಗಳು ಎದ್ದವು. ೧೯೦೮ರಲ್ಲಿ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೆ ಮಿಸ್ ಕ್ಲಾರ್ಕ್ ಹಾಸ್ಟೆಲು ತೆರೆಯಿತು. ೧೯೧೭ರಲ್ಲಿ ಪ್ರಾಥಮಿಕ ಶಿಕ್ಷಣ ಕಡ್ಡಾಯವೂ ಉಚಿತವೂ ಆಯಿತು. ಮಗುವನ್ನು ಶಾಲೆಗೆ ಕಳಿಸದ ತಂದೆತಾಯಿಗೆ ತಿಂಗಳಿಗೆ ಒಂದು ರೂಪಾಯಿ ದಂಡ. ಆಗಿನ ಒಂದು ರೂಪಾಯಿ ಎಂದರೆ ಕೂಲಿಯವನಿಗೆ ಎಷ್ಟೋ ದಿನದ ಗಳಿಕೆ. ೧೯೧೯ರಲ್ಲಿ ಅಸ್ಪೃಶ್ಯ ಮಕ್ಕಳಿಗೆ ಬೇರೆ ಶಾಲೆ ಎಂಬುದನ್ನು ಮುಚ್ಚಿ ಎಲ್ಲರನ್ನೂ ಒಂದೇ ಬೆಂಚಿಗೆ ತಂದರು. ಸರಕಾರಿ ಶಾಲೆಯಲ್ಲಿ ಕಲಿತ ನಾವು ಇದನ್ನು ಮರೆಯಬಾರದು.

ಅವರ ಈ ನ್ಯಾಯದ ದೃಷ್ಟಿ ಕಾಡು ಕಾಯುವ ಇಂದಿನ ಕೆಲಸಕ್ಕೂ ಬೇಕು. ಜಲಾಶಯಗಳು ಬಂದಾಗ ಮುಳುಗಿದ ಹೊಲಮನೆ ಯಾರದೋ. ಅಭಯಾರಣ್ಯದ ಒಳಗೆ, ಅಂಚಿನಲ್ಲಿ ಇವತ್ತಿಗೂ ಧನಗರ ಕುಟುಂಬಗಳ ವಾಡಿಗಳಿವೆ. ಅವರ ಬೆಳೆಯನ್ನು ಕಾಡುಕೋಣ ಮೇಯುತ್ತದೆ. ಗಣಿಯಲ್ಲಿ ಕೂಲಿ ಸಿಕ್ಕವರಿಗೆ ಗಣಿ ನಿಂತರೆ ಹೊಟ್ಟೆಯ ಪ್ರಶ್ನೆ. ಕಾಡನ್ನು ಉಳಿಸಿದ ಲಾಭ ಕೆಳಗಿನ ಕಬ್ಬಿಗೆ, ಕಷ್ಟ ಮಾತ್ರ ಮೇಲಿನ ವಾಡಿಗೆ ಎಂದಾದರೆ ಅಂಥ ಕಾಯುವಿಕೆ ಬಹಳ ದಿನ ನಡೆಯುವುದಿಲ್ಲ. ನೀರು ಕುಡಿಯುವವರು ನೀರಿನ ಮೂಲ ಕಾಯುವವರಿಗೆ ಏನಾದರೂ ಕೊಡಬೇಕು. ಕಡಿಮೆಯೆಂದರೆ ಅವರ ಹೆಸರಾದರೂ ನಮಗೆ ಗೊತ್ತಿರಬೇಕು.

ಮಹಾರಾಜರ ಕೊನೆಯ ವರ್ಷಗಳು ಸುಖದವಲ್ಲ. ಅವರ ಕಿರಿಯ ಮಗ ೧೯೧೮ರಲ್ಲಿ ಬೇಟೆಯ ಸಮಯದ ಅಪಘಾತದಲ್ಲಿ ತೀರಿಕೊಂಡರು. ಆಣೆಕಟ್ಟಿನ ಕೆಲಸ ನಿಂತದ್ದೂ ಅದೇ ವರ್ಷ. ಅಷ್ಟರ ನಡುವೆಯೂ ೧೯೨೦ರ ಮಾರ್ಚಿನಲ್ಲಿ ಕಾಗಲ ಜಹಗೀರಿನ ಮಾಣಗಾವಿಯಲ್ಲಿ ನಡೆದ ಪರಿಷತ್ತಿಗೆ ಹೋಗಿ, ಆಗಿನ್ನೂ ತರುಣರಾಗಿದ್ದ ಡಾ. ಅಂಬೇಡ್ಕರರನ್ನು ನಾಯಕರೆಂದು ಜನರ ಮುಂದೆ ಗೌರವಿಸಿದರು. ೧೯೨೨ರ ಮೇ ೬ರಂದು ಮುಂಬೈಯಲ್ಲಿ ಅವರು ತೀರಿಕೊಂಡಾಗ ವಯಸ್ಸು ೪೭. ಲಕ್ಷ್ಮೀ ತಲಾವ ಪೂರ್ತಿ ತುಂಬಿ ಗೇಟಿನಿಂದ ನೀರು ಧುಮುಕುವುದನ್ನು ಅವರು ನೋಡಲಿಲ್ಲ. ಅರ್ಧ ಎದ್ದ ಗೋಡೆ, ಅದರ ಹಿಂದೆ ಒಂದು ಕಾಡು, ಇಷ್ಟನ್ನು ಬಿಟ್ಟು ಹೋದರು. ಮುಂದಿನವರು ಗೋಡೆ ಪೂರ್ತಿ ಮಾಡಿದರು. ಕಾಡಿನ ಕೆಲಸ ಮುಗಿಯುವಂಥದ್ದಲ್ಲ, ಅದು ಪ್ರತಿ ತಲೆಮಾರಿನ ಪಾಲಿಗೂ ಬರುತ್ತದೆ.

ನಮ್ಮ ಪಾಲಿಗೆ ಬಂದದ್ದರಲ್ಲಿ ಸಣ್ಣದೊಂದನ್ನು ನಮ್ಮ ಬ್ಯಾಚಿನವರು ಕೂಡಿ ಮಾತಾಡಿದ್ದೇವೆ. ಮುಖ್ಯೋಪಾಧ್ಯಾಯರ ಒಪ್ಪಿಗೆ ಸಿಕ್ಕರೆ, ಪ್ರತಿ ವರ್ಷ ಒಂಬತ್ತನೆಯ ತರಗತಿಯ ಮಕ್ಕಳನ್ನು ಒಂದು ದಿನ ರಾಧಾನಗರಿಗೆ ಕರೆದೊಯ್ಯುವ ಬಸ್ಸಿನ ಖರ್ಚು ನಮ್ಮದು. ಮಕ್ಕಳು ಆಣೆಕಟ್ಟು ನೋಡಲಿ, ಮೇಲಿನ ಸಡಾದ ಅಂಚಿನಲ್ಲಿ ನಿಂತು ಹೂ ಕೀಳದೆ ಹೂ ನೋಡಲಿ, ವಾಡಿಯ ಮಕ್ಕಳ ಜೊತೆ ಕೂತು ಬುತ್ತಿ ಬಿಚ್ಚಲಿ. ಶಾಲೆಯ ಅಂಗಳದಲ್ಲಿ ಒಂದು ಮಳೆಮಾಪಕ ಇಡೋಣ. ನಮ್ಮೂರಿನ ಮಳೆ, ನಮ್ಮ ಹೊಳೆಯ ಮಟ್ಟ, ರಾಧಾನಗರಿಯ ನೀರಿನ ಮಟ್ಟ, ಈ ಮೂರನ್ನೂ ಮಕ್ಕಳೇ ದಿನಾ ಒಂದು ವಹಿಯಲ್ಲಿ ಬರೆಯಲಿ. ಐವತ್ತು ವರ್ಷ ಬರೆದರೆ ಶತಮಾನೋತ್ಸವದ ಸಂಚಿಕೆಗೆ ಯಾವ ಎಂಜಿನಿಯರೂ ಕೊಡಲಾಗದಷ್ಟು ಒಳ್ಳೆಯ ಲೇಖನ ಆ ವಹಿಯಲ್ಲೇ ಇರುತ್ತದೆ.